ಮೇ ಲಾನ್‌ಫಾಂಗನ ಮೌನವ್ರತ

ಕಲ್ಲಿನಲ್ಲಿ ಕಡೆದ ವಿಗ್ರಹವು ಶಿಲ್ಪಿಯು ಕಾಲವಶನಾದ ಮೇಲೆಯೂ ನಿಂತಿರುವುದು. ಓಲೆಯ ಮೇಲೆ ಬರೆದ ಕಾವ್ಯವು ಕವಿಯ ಮರಿಮಕ್ಕಳ ಕಾಲಕ್ಕೂ ಉಳಿಯುವುದು. ಹಾಡುವವನ ಮತ್ತು ನಟಿಸುವವನ ಕಲೆಗೆ ಈ ಭಾಗ್ಯವಿಲ್ಲ. ಅದು ದೇಹದಲ್ಲಿಯೇ ಹುಟ್ಟಿ, ದೇಹದಲ್ಲಿಯೇ ಬೆಳೆದು, ದೇಹದೊಡನೆಯೇ ಅಡಗತಕ್ಕದ್ದು. ಕಂಠದಲ್ಲಿ ಕಸುವಿರುವವರೆಗೆ ಗಾನ, ಕಾಲುಗಳಲ್ಲಿ ಬಲವಿರುವವರೆಗೆ ನರ್ತನ. ಆದಕಾರಣ ಇಂತಹ ಕಲಾವಿದನಿಗೆ ಒಂದು ವರ್ಷವು ವ್ಯರ್ಥವಾಗುವುದೆಂದರೆ ಬೇಸಾಯಗಾರನಿಗೆ ಒಂದು ಬೆಳೆ ಕೈಬಿಟ್ಟುಹೋದಂತೆ. ಹೀಗಿರಲು, ಚೀನಾದೇಶದ ಒಬ್ಬ ಗಾಯಕನಟನು ಕೀರ್ತಿಯ ಶಿಖರದಲ್ಲಿದ್ದಾಗಲೇ, ನಲವತ್ತಮೂರನೆಯ ವಯಸ್ಸಿನಿಂದ ಐವತ್ತೊಂದನೆಯ ವಯಸ್ಸಿನವರೆಗೆ, ರಂಗವನ್ನು ಏರದೆ ಸುಮ್ಮನಿದ್ದನೆಂದರೆ ವಾಚಕರಿಗೆ ಆಶ್ಚರ್ಯವಾಗದಿರದು. ಆತನ ಹೆಸರು ಮೇ ಲಾನ್‌ಫಾಂಗ್. ಈ ತಿಂಗಳು ಆತನ ಚರಿತ್ರೆಯನ್ನು ಸಂಗ್ರಹವಾಗಿ ಹೇಳಿ, ಆ ಮೌನದ ಬೆಲೆ ಎಷ್ಟೆಂಬುದನ್ನು ವಿಚಾರಮಾಡಬೇಕೆಂದಿರುವೆನು.

ಮೊದಲು ಆ ನಾಟಕದ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಚೀನೀಯರು ಅದನ್ನು ‘ಜಿಂಗ್‌ಜು’ ಎನ್ನುವರು. ರಾಜಧಾನಿಯ ನಾಟಕವೆಂದು ಅದರ ಅರ್ಥ. ೧೭೯೦ನೆಯ ಇಸವಿಯಲ್ಲಿ ಚಕ್ರವರ್ತಿಯಾದ ಚಿಯೆನ್‌ಲುಂಗನ ಎಂಬತ್ತನೆಯ ಹುಟ್ಟುಹಬ್ಬದ ಉತ್ಸವಕ್ಕಾಗಿ ಆನ್‌ಹುಯಿ ಪ್ರಾಂತದ ನಾಟಕಮೇಳಗಳು ಬೀಜಿಂಗ್ ನಗರಕ್ಕೆ ಬಂದು ಅಲ್ಲಿಯೇ ನೆಲಸಿದುವು. ಅವುಗಳ ಗಾನರೀತಿಯು ಇತರ ಪ್ರಾಂತಗಳ ಗಾನರೀತಿಗಳೊಡನೆ ಬೆರೆತು ಈ ಹೊಸ ಗೇಯನಾಟಕವಾಯಿತು. ಇದರಲ್ಲಿ ಪುರುಷಪಾತ್ರ, ಸ್ತ್ರೀಪಾತ್ರ, ನಮ್ಮ ಯಕ್ಷಗಾನದ ಬಣ್ಣದ ವೇಷವನ್ನು ನೆನಪಿಗೆ ತರುವ ಬಣ್ಣದ ಮುಖದ ಪಾತ್ರ, ವಿದೂಷಕ ಎಂದು ನಾಲ್ಕು ಬಗೆ. ಸ್ತ್ರೀಪಾತ್ರಕ್ಕೆ ‘ದಾನ್’ ಎಂದು ಹೆಸರು. ಹಾಡಿಗೆ ಒತ್ತಾಸೆಯಾಗಿ ಎರಡು ತಂತಿಗಳ, ಕಮಾನಿನಿಂದ ನುಡಿಸತಕ್ಕ ಒಂದು ವಾದ್ಯವಿರುವುದು. ರಂಗದ ಮೇಲೆ ಸಾಧಾರಣವಾಗಿ ಇರುವುದು ಒಂದು ಮೇಜು, ಎರಡು ಕುರ್ಚಿ. ನಟನು ಚಾವಟಿಯನ್ನು ಹಿಡಿದು ಬಂದರೆ ಕುದುರೆಯನ್ನೇರಿ ಬಂದನೆಂದು ಅರ್ಥ. ಕೈಯಲ್ಲಿ ಹುಟ್ಟೊಂದಿದ್ದರೆ ಸಾಕು, ಇಡೀ ನದಿಯು ಪ್ರೇಕ್ಷಕರ ಕಣ್ಣಿಗೆ ಕಾಣುವುದು. ಭರತಮುನಿಯು ಲೋಕಧರ್ಮೀ ಎಂದೂ ನಾಟ್ಯಧರ್ಮೀ ಎಂದೂ ವಿಭಾಗಿಸಿದನಷ್ಟೆ. ನಾಟ್ಯಧರ್ಮಿಯೆಂದರೇನೆಂದು ತಿಳಿಯಬಯಸುವವರಿಗೆ ಈ ಚೀನೀ ರಂಗಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಆ ಕಾಲದಲ್ಲಿ ರಾಜಧಾನಿಯ ರಂಗಗಳಲ್ಲಿ ಹೆಂಗಸರು ಅಭಿನಯಿಸಲು ಅನುಮತಿಯಿರಲಿಲ್ಲವಾದುದರಿಂದ ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದರು. ಎಷ್ಟೇ ಮೆಚ್ಚುಗೆ ಪಡೆದರೂ ಸಮಾಜದಲ್ಲಿ ನಟನ ಸ್ಥಾನವು ಕೀಳಾಗಿಯೇ ಇದ್ದಿತು. ನಟರ ಮಕ್ಕಳು ಸರ್ಕಾರದ ಅಧಿಕಾರಪರೀಕ್ಷೆಗಳಿಗೆ ಕುಳಿತುಕೊಳ್ಳುವಂತಿರಲಿಲ್ಲ.

ಇಂತಹ ಒಂದು ನಟರ ಮನೆತನದಲ್ಲಿ, ೧೮೯೪ನೆಯ ಅಕ್ಟೋಬರ್ ೨೨ರಂದು, ಬೀಜಿಂಗಿನಲ್ಲಿ ಲಾನ್‌ಫಾಂಗನು ಹುಟ್ಟಿದನು. ತಾತನಾದ ಮೇ ಚಿಯಾವ್‌ಲಿಂಗನು ಸ್ತ್ರೀಪಾತ್ರಗಳಲ್ಲಿ ಹೆಸರಾದವನು, ಒಂದು ದೊಡ್ಡ ಮೇಳದ ಯಜಮಾನನು. ತನಗೆ ಸಾಲ ತೀರಿಸಬೇಕಾಗಿದ್ದ ಗೆಳೆಯನೊಬ್ಬನು ತೀರಿಕೊಂಡಾಗ, ಈ ತಾತನು ಅಲ್ಲಿಗೆ ಹೋಗಿ ಸಾಲಪತ್ರವನ್ನು ಸುಟ್ಟುಹಾಕಿ ಬಂದನೆಂಬ ಕಥೆಯು ಆ ಮನೆತನದಲ್ಲಿ ಪ್ರಸಿದ್ಧವಾಗಿದೆ. ದೊಡ್ಡಪ್ಪನಾದ ಮೇ ಯೂಟಿಯೆನ್ನನು ಆ ಕಾಲದ ಶ್ರೇಷ್ಠ ಗಾಯಕನಾದ ತಾನ್ ಶಿನ್‌ಪೇಗೆ ವಾದ್ಯ ನುಡಿಸುತ್ತಿದ್ದವನು. ಮನೆತನಕ್ಕೆ ಹೆಸರೇನೋ ಇದ್ದಿತು, ಹುಡುಗನಿಗೆ ಅದೃಷ್ಟವಿರಲಿಲ್ಲ. ತಂದೆಯು ಈತನ ಎಳೆವಯಸ್ಸಿನಲ್ಲಿಯೇ ಗತಿಸಿದನು. ೧೯೦೦ನೆಯ ಇಸವಿಯ ಗಲಭೆಗಳ ಹೊತ್ತಿಗೆ ಸಂಸಾರವು ಬಡವಾಗಿ, ಹಳೆಯ ಮನೆಯನ್ನು ಮಾರಬೇಕಾಯಿತು. ತಾಯಿಯೂ ಈತನು ಯುವಕನಾಗುವ ಮುನ್ನವೇ ತೀರಿಕೊಂಡಳು.

ಎಂಟನೆಯ ವಯಸ್ಸಿನಲ್ಲಿ ಪಾಠಕ್ಕೆ ಹಾಕಿದರು. ಹುಡುಗನು ನೋಡಲು ಸಾಧಾರಣ, ಮಾತು ಕಡಮೆ, ಕಣ್ಣಿನ ರೆಪ್ಪೆಗಳು ಜೋಲುಬಿದ್ದು ದೃಷ್ಟಿಯಲ್ಲಿ ಕಾಂತಿಯಿಲ್ಲ. ಅತಿ ಸುಲಭವಾದ ನಾಲ್ಕು ಸಾಲುಗಳನ್ನು ಎಷ್ಟು ಹೇಳಿಕೊಟ್ಟರೂ ಬಾಯಿಗೆ ಬರಲಿಲ್ಲ. ಮೊದಲನೆಯ ಗುರುವು ಬೇಸತ್ತು, ಈ ವಿದ್ಯೆಯ ಅನ್ನವು ನಿನ್ನ ಹಣೆಯಲ್ಲಿ ಬರೆದಿಲ್ಲವೆಂದು ಹೇಳಿ ಪಾಠವನ್ನು ಬಿಟ್ಟು ಹೊರಟುಹೋದನು. ಉಪಾಧ್ಯಾಯವೃತ್ತಿಯಲ್ಲಿ ತಲೆ ನರೆತ ನನ್ನಂಥವರಿಗೆ ಈ ಮಾತು ಹೊಸದಲ್ಲ. ಎಷ್ಟು ಶಾಲೆಗಳಲ್ಲಿ, ಎಷ್ಟು ಮನೆಗಳ ನಡುಮನೆಯಲ್ಲಿ, ಎಷ್ಟು ಮಕ್ಕಳು ಈ ತೀರ್ಪನ್ನು ಕೇಳಿ ತಲೆತಗ್ಗಿಸಿಕೊಂಡು ಹೋಗಿರುವರೋ ಲೆಕ್ಕವಿಟ್ಟವರಿಲ್ಲ.

ಎರಡನೆಯ ಗುರುವಾಗಿ ದೊರೆತವನು ವೂ ಲಿಂಗ್‌ಶಿಯೆನ್ ಎಂಬ ವೃದ್ಧನು. ಈತನು ಹಿಂದೆ ಲಾನ್‌ಫಾಂಗನ ತಾತನ ಮೇಳದಲ್ಲಿದ್ದವನು. ಆ ಉಪಕಾರವನ್ನು ಮರೆತಿರಲಿಲ್ಲ. ಈತನ ಪಾಠಕ್ರಮವು ಕೇಳತಕ್ಕದ್ದು. ಮೇಜಿನ ಮೇಲೆ ಹಳೆಯ ನಾಣ್ಯಗಳ ಒಂದು ಸಾಲು. ಹಾಡಿನ ಒಂದು ಭಾಗವನ್ನು ಇಪ್ಪತ್ತು ಅಥವಾ ಮೂವತ್ತು ಸಲ ಹಾಡಬೇಕೆಂದು ಗೊತ್ತುಮಾಡುವನು. ಒಂದು ಸಲ ಹಾಡಿದರೆ ಒಂದು ನಾಣ್ಯವನ್ನು ತೆಗೆದು ಅರಗಿನ ತಟ್ಟೆಗೆ ಹಾಕುವನು. ಹತ್ತಾದ ಮೇಲೆ ನಾಣ್ಯಗಳನ್ನೆಲ್ಲ ಮೊದಲಿನ ಸ್ಥಳಕ್ಕೆ ಇಟ್ಟು ಮತ್ತೆ ಪ್ರಾರಂಭ. ಆರೇಳು ಸಲಕ್ಕೇ ಬಾಯಿಪಾಠವಾದರೂ ಎಣಿಕೆ ಮುಗಿಯುವವರೆಗೆ ಬಿಡುವಂತಿಲ್ಲ. ಹುಡುಗನಿಗೆ ತೂಕಡಿಕೆ ಬಂದರೆ ಮೆಲ್ಲಗೆ ಭುಜವನ್ನು ತಟ್ಟಿ ಎಬ್ಬಿಸುವನು. ನಟವಿದ್ಯೆಯನ್ನು ಬೆತ್ತದ ಏಟಿನಿಂದಲೇ ಕಲಿಸುತ್ತಿದ್ದ ಕಾಲವದು. ಈ ಗುರುವಿನ ಕೈಯಲ್ಲಿಯೂ ಒಂದು ಮರದ ಪಟ್ಟಿ ಇದ್ದಿತು. ಆದರೆ ಅದು ತಾಳ ಹಾಕುವುದಕ್ಕೆ ಮಾತ್ರ ಉಪಯೋಗವಾಯಿತು, ಶಿಷ್ಯನ ಮೈಮೇಲೆ ಒಮ್ಮೆಯೂ ಬೀಳಲಿಲ್ಲ. ೧೯೦೪ರಲ್ಲಿ ಹತ್ತು ವರ್ಷದ ಬಾಲಕನು ಆಕಾಶದ ನೇಯ್ಗೆಯ ಕನ್ಯೆಯ ಪಾತ್ರದಲ್ಲಿ ಮೊದಲ ಬಾರಿ ರಂಗವನ್ನೇರಿದನು. ಪಕ್ಷಿಗಳಿಂದಾದ ಸೇತುವೆಯನ್ನು ಹತ್ತುವ ದೃಶ್ಯ. ಹುಡುಗನಿಗೆ ಎತ್ತರ ಸಾಲದು. ಆ ವೃದ್ಧ ಗುರುವೇ ಆತನನ್ನು ಎತ್ತಿಕೊಂಡು ಕುರ್ಚಿಯ ಮೇಲೆ ನಿಲ್ಲಿಸಿದನು. ಕೃತಕ ಪಕ್ಷಿಗಳೊಳಗೆ ಮೊಂಬತ್ತಿಗಳು ಉರಿಯುತ್ತಿದ್ದುವು. ಮೇಲೆ ನಿಂತು ಬಾಲಕನು ಹಾಡಿದನು.

ಮುಂದೆ ಕೀರ್ತಿ ಬಂದ ಮೇಲೆ ಆ ಮೊದಲನೆಯ ಗುರುವು ಎದುರಾಗಿ, ಅಂದು ತನ್ನ ಕಣ್ಣಿಗೆ ಪರ್ವತವೇ ಕಾಣದೆ ಹೋಯಿತೆಂದು ನಾಚಿಕೊಂಡನಂತೆ. ಲಾನ್‌ಫಾಂಗನು ನಕ್ಕು, ತಮ್ಮ ಬೈಗುಳದಿಂದಲೇ ಕಷ್ಟಪಟ್ಟು ಕಲಿಯಬೇಕೆಂಬ ಬುದ್ಧಿ ಬಂದಿತೆಂದು ಉಪಕಾರವನ್ನೇ ಸ್ಮರಿಸಿದನು. ಇದು ಶಿಷ್ಯನ ದೊಡ್ಡತನ. ಇದನ್ನು ಮುಂದೆಮಾಡಿಕೊಂಡು ಬೈಗುಳವೇ ವಿದ್ಯೆಗೆ ಕಾರಣವೆಂದು ನಾವು ಸಿದ್ಧಾಂತ ಮಾಡಬಾರದು. ಬೈಗುಳವು ಹಠವನ್ನು ಹುಟ್ಟಿಸಿರಬಹುದು. ವಿದ್ಯೆಯನ್ನು ಕೊಟ್ಟುದು ಆ ನಾಣ್ಯಗಳ ಸಾಲು.

ಸಾಧನೆಯು ಕಂಠದಲ್ಲಿಯೇ ನಿಲ್ಲಲಿಲ್ಲ. ಹೆಂಗಸರ ಪುಟ್ಟ ಪಾದಗಳ ನಡೆಯನ್ನು ತೋರಿಸಲು ಮರದ ಮೆಟ್ಟುಗಳನ್ನು ಕಟ್ಟಿಕೊಂಡು, ಬೆಂಚಿನ ಮೇಲೊಂದು ಇಟ್ಟಿಗೆಯನ್ನಿಟ್ಟು ಅದರ ಮೇಲೆ, ಒಂದು ಊದುಬತ್ತಿಯು ಉರಿದು ಮುಗಿಯುವವರೆಗೆ ನಿಲ್ಲಬೇಕಾಗಿದ್ದಿತು. ಚಳಿಗಾಲದಲ್ಲಿ ಅದೇ ಮೆಟ್ಟುಗಳ ಮೇಲೆ ಮಂಜುಗಡ್ಡೆಯಲ್ಲಿ ಓಟ. ಜೋಲುಬಿದ್ದ ಕಣ್ಣುಗಳಿಗೆ ಔಷಧವಾದುವು ಪಾರಿವಾಳಗಳು. ಬೆಳಗಿನ ಜಾವದಲ್ಲೆದ್ದು ಅವನ್ನು ಹಾರಿಬಿಟ್ಟು, ಉದ್ದವಾದ ಬಿದಿರುಗಳುವನ್ನು ಬೀಸಿ ನಡೆಸುತ್ತ, ಆಕಾಶದಲ್ಲಿ ಚುಕ್ಕೆಯಾಗುವವರೆಗೂ ಅವನ್ನೇ ಎವೆಯಿಕ್ಕದೆ ನೋಡುವುದು. ಹಿಂಡಿನಲ್ಲಿ ತನ್ನದು ಯಾವುದು, ಪರರದು ಯಾವುದೆಂದು ಗುರುತಿಸುವುದು. ಸುಮಾರು ಹತ್ತು ವರ್ಷಗಳ ಕಾಲ ಈ ಅಭ್ಯಾಸ ನಡೆಯಿತು. ಕಣ್ಣಿಗೆ ಕಾಂತಿ ಬಂದಿತು. ಗಳುವನ್ನು ಬೀಸಿ ಬೀಸಿ ತೋಳಿಗೆ ಬಲ ಬಂದಿತು. ಕಸೂತಿಯಿಂದ ಭಾರವಾದ ರಾಣಿಯ ಉಡುಪಿನಲ್ಲಿ ತೋಳನ್ನು ಹೂವಿನಂತೆ ಎತ್ತುವುದಕ್ಕೆ ಬೇಕಾದುದು ಇದೇ ಬಲ.

೧೯೧೩ರಲ್ಲಿ ಶಾಂಘಾಯಿ ನಗರದಲ್ಲಿ ಹಾಡಿದ ಮೇಲೆ ಈತನ ಹೆಸರು ದೇಶದಲ್ಲೆಲ್ಲ ಹಬ್ಬಿತು. ಅದೇ ಸುಮಾರಿಗೆ ಚೀ ರೂಶಾನ್ ಎಂಬ ವಿದ್ವಾಂಸನ ಸ್ನೇಹವಾಯಿತು. ನಾಟಕವೊಂದರಲ್ಲಿ ಗಂಡನು ದೀರ್ಘವಾಗಿ ಹಾಡುತ್ತಿರುವಾಗ ಹೆಂಡತಿಯ ಪಾತ್ರಧಾರಿಯು ಬೊಂಬೆಯಂತೆ ಕುಳಿತಿರುವುದು ಸರಿಯಲ್ಲ, ಕೇಳುವುದೂ ಅಭಿನಯವೇ ಎಂದು ಈ ವಿದ್ವಾಂಸನು ಪತ್ರ ಬರೆದನು. ಮುಂದಿನ ಬಾರಿ ಅದೇ ನಾಟಕವಾದಾಗ ಲಾನ್‌ಫಾಂಗನು ಆ ಸೂಚನೆಯಂತೆಯೇ ಅಭಿನಯಿಸಿದನು. ಅಂದಿನಿಂದ ಇಬ್ಬರೂ ಸೇರಿ ಅನೇಕ ಹೊಸ ನಾಟಕಗಳನ್ನು ರಚಿಸಿ ಆಡಿಸಿದರು. ಹಿಂದೆ ಗಂಭೀರಳಾದ ಗೃಹಿಣಿಯ ಪಾತ್ರವು ಹಾಡುವುದಕ್ಕೆ ಮಾತ್ರ, ಚತುರೆಯಾದ ತರುಣಿಯ ಪಾತ್ರವು ಆಂಗಿಕಕ್ಕೆ ಮಾತ್ರ ಎಂಬ ಕಟ್ಟು ಇದ್ದಿತು. ಆ ಕಟ್ಟನ್ನು ಸಡಿಲಿಸಿದ ಹಿರಿಯ ನಟನಾದ ವಾಂಗ್ ಯಾವ್‌ಚಿಂಗನ ದಾರಿಯನ್ನು ಹಿಡಿದು, ಗಾನ, ನೃತ್ಯ, ಭಾವ ಮೂರನ್ನೂ ಒಂದೇ ಪಾತ್ರದಲ್ಲಿ ಬೆಸೆದುದು ಲಾನ್‌ಫಾಂಗನ ಹಿರಿಮೆ.

ಆ ಹೊಸ ನಾಟಕಗಳಲ್ಲಿ ಒಂದು ನಮಗೆ ವಿಶೇಷವಾಗಿ ಸಂಬಂಧಪಟ್ಟುದು. ೧೯೧೭ರಲ್ಲಿ ಆಡಿದ ‘ದೇವಕನ್ಯೆಯು ಹೂ ಚೆಲ್ಲಿದುದು’ ಎಂಬ ನಾಟಕದ ಮೂಲವು ನಮ್ಮ ದೇಶದ ‘ವಿಮಲಕೀರ್ತಿನಿರ್ದೇಶ’ವೆಂಬ ಬೌದ್ಧಸೂತ್ರ. ಕುಮಾರಜೀವನು ೪೦೬ನೆಯ ಇಸವಿಯಲ್ಲಿ ಇದನ್ನು ಚೀನೀಭಾಷೆಗೆ ತಂದನು. ಸಂಸ್ಕೃತಮೂಲವು ಬಹುಕಾಲ ನಷ್ಟವಾಯಿತೆಂದೇ ವಿದ್ವಾಂಸರು ತಿಳಿದಿದ್ದರು. ೧೯೯೯ರಲ್ಲಿ ಲಾಸಾದ ಪೋತಲ ಅರಮನೆಯಲ್ಲಿ ಅದರ ಹಸ್ತಪ್ರತಿ ದೊರೆಯಿತು. ವೈಶಾಲಿಯ ಗೃಹಸ್ಥನಾದ ವಿಮಲಕೀರ್ತಿಯು ರೋಗಶಯ್ಯೆಯಲ್ಲಿರಲು ಬೋಧಿಸತ್ತ್ವರೂ ಶ್ರಾವಕರೂ ನೋಡಬರುವರು; ದೇವಕನ್ಯೆಯೊಬ್ಬಳು ಎಲ್ಲರ ಮೇಲೂ ಹೂ ಚೆಲ್ಲುವಳು. ಬೋಧಿಸತ್ತ್ವರ ಮೈಯಿಂದ ಹೂಗಳು ಜಾರಿ ಬೀಳುವುವು. ಶ್ರಾವಕರ ಮೈಗೆ ಅಂಟಿಕೊಳ್ಳುವುವು. ಸನ್ಯಾಸಿಗೆ ಹೂ ಸಲ್ಲದೆಂದು ಶಾರಿಪುತ್ರನು ಕೊಡವಿದರೂ ಬೀಳವು. ಭೇದಬುದ್ಧಿಯು ಹೂವಿನಲ್ಲಿಲ್ಲ, ನಿನ್ನಲ್ಲಿದೆ ಎಂದು ಆಕೆಯು ತಿಳಿಸುವಳು. ಮುಂದೆ ಆಕೆಯು ಶಾರಿಪುತ್ರನಿಗೆ ತನ್ನ ಸ್ತ್ರೀರೂಪವನ್ನು ಕೊಟ್ಟು, ತಾನು ಅವನ ರೂಪವನ್ನು ಧರಿಸಿ, ಹೆಣ್ಣು ಗಂಡೆಂಬುದು ರೂಪಮಾತ್ರವೆಂದು ತೋರಿಸುವಳು. ಈ ಕನ್ಯೆಯ ಪಾತ್ರದಲ್ಲಿ ಉದ್ದವಾದ ರೇಷ್ಮೆಯ ಪಟ್ಟಿಗಳನ್ನು ಆಡಿಸುತ್ತ ಕುಣಿದವನು ಗಂಡಸೆಂಬುದನ್ನು ಯೋಚಿಸಿದರೆ, ಸೂತ್ರದ ಅಭಿಪ್ರಾಯವು ರಂಗದ ಮೇಲೆಯೇ ಮೂರ್ತಿಗೊಂಡಂತೆ ತೋರುವುದು.

ಭಾರತದ ಇನ್ನೊಂದು ಸಂಬಂಧವೂ ಉಂಟು. ೧೯೨೪ರ ಮೇ ತಿಂಗಳಿನಲ್ಲಿ ರವೀಂದ್ರನಾಥ ಠಾಕೂರರು ಬೀಜಿಂಗಿಗೆ ಹೋಗಿದ್ದಾಗ, ಲಾನ್‌ಫಾಂಗನು ಅವರಿಗಾಗಿ ‘ಲೋ ನದಿಯ ದೇವತೆ’ ಎಂಬ ನಾಟಕವನ್ನು ಆಡಿದನು. ಗುರುದೇವರು ನಾಟಕವನ್ನು ಮೆಚ್ಚಿ, ದೃಶ್ಯದ ಪರದೆಗಳು ಸಾಧಾರಣವಾದುವೆಂದೂ ಅವುಗಳಲ್ಲಿ ಕಲ್ಪನೆಯು ಇನ್ನಷ್ಟು ಇರಬೇಕೆಂದೂ ಸಲಹೆ ಕೊಟ್ಟರು. ಬಂಗಾಳಿಯಲ್ಲಿ ಒಂದು ಕವಿತೆಯನ್ನು ಬೀಸಣಿಗೆಯ ಮೇಲೆ ಬರೆದು, ಅದರ ಇಂಗ್ಲಿಷ್ ಅನುವಾದವನ್ನೂ ಸೇರಿಸಿ ಕಾಣಿಕೆಯಿತ್ತರು. ಸಲಹೆಯನ್ನು ಕೇಳಿ ಲಾನ್‌ಫಾಂಗನು ಪರದೆಗಳನ್ನು ಮತ್ತೆ ಬರೆಯಿಸಿದನು.

೧೯೧೯ರಲ್ಲಿಯೂ ೧೯೨೪ರಲ್ಲಿಯೂ ಈತನು ಜಪಾನಿಗೆ ಹೋಗಿ ಬಂದನು. ಎರಡನೆಯ ಸಲದ ಪ್ರಯಾಣವು, ೧೯೨೩ರ ಭೂಕಂಪದಲ್ಲಿ ಹಾಳಾಗಿ ಮತ್ತೆ ಕಟ್ಟಲ್ಪಟ್ಟ ಟೋಕಿಯೋ ನಗರದ ಸಾಮ್ರಾಜ್ಯ ನಾಟಕಶಾಲೆಯ ಪುನರಾರಂಭಕ್ಕಾಗಿ. ೧೯೩೦ರಲ್ಲಿ ಅಮೆರಿಕಕ್ಕೆ ಹೋದನು. ಆಗ ಆ ದೇಶವು ಹಣದ ಮುಗ್ಗಟ್ಟಿನಲ್ಲಿದ್ದರೂ ನ್ಯೂಯಾರ್ಕಿನಲ್ಲಿ ಜನರು ನಾಟಕಶಾಲೆಯನ್ನು ತುಂಬಿದರು. ಅಲ್ಲಿಯ ಎರಡು ವಿದ್ಯಾಸಂಸ್ಥೆಗಳು ಗೌರವ ಡಾಕ್ಟರ್ ಪದವಿಯನ್ನಿತ್ತುವು. ೧೯೩೫ರಲ್ಲಿ ಮಾಸ್ಕೋ ಮತ್ತು ಲೆನಿನ್‌ಗ್ರಾಡಿನಲ್ಲಿ ಆಡಿದಾಗ ಸ್ತಾನಿಸ್ಲಾವ್‌ಸ್ಕಿ, ಮೆಯರ್‌ಹೋಲ್ಡ್, ಐಸೆನ್‌ಸ್ಟೈನ್ ಮುಂತಾದವರು ಈತನ ಕಲೆಯನ್ನು ಕಂಡರು. ಜರ್ಮನಿಯ ನಾಟಕಕಾರನಾದ ಬ್ರೆಷ್ಟನು ನಾಟಕದ ವಿಷಯದಲ್ಲಿ ತನಗಿದ್ದ ಹೊಸ ವಿಚಾರಗಳಿಗೆ ಈ ಅಭಿನಯದಲ್ಲಿ ಆಧಾರವನ್ನು ಕಂಡುಕೊಂಡನು. ಎಲ್ಲರೂ ಹೊಗಳಿದರೆಂದಲ್ಲ. ಚೀನಾದ ದೊಡ್ಡ ಲೇಖಕನಾದ ಲೂ ಶುನ್ನನು, ಪಂಡಿತರು ಈತನನ್ನು ಜನಸಾಮಾನ್ಯರಿಂದ ಕಿತ್ತು ಗಾಜಿನ ಗೂಡಿನೊಳಗೆ ಇಟ್ಟರೆಂದು ೧೯೩೪ರಲ್ಲಿ ಟೀಕಿಸಿದನು. ಅಂದವೇ ಪ್ರಧಾನವಾದ ಕಲೆಗೆ ಇಂತಹ ಎಚ್ಚರಿಕೆ ಬೇಕಾದುದೇ. ಗಾಜಿನ ಗೂಡಿನಲ್ಲಿರುವವನು ಎಂಥವನೆಂಬುದನ್ನು ಕಾಲವೇ ಪರೀಕ್ಷಿಸಿತು.

೧೯೩೧ರಲ್ಲಿ ಜಪಾನೀ ಸೇನೆಯು ಮಂಚೂರಿಯವನ್ನು ಆಕ್ರಮಿಸಿತು. ಲಾನ್‌ಫಾಂಗನು ಬೀಜಿಂಗನ್ನು ಬಿಟ್ಟು ಶಾಂಘಾಯಿಗೆ ಬಂದು, ಪರರ ದಂಡನ್ನು ಎದುರಿಸಿ ರಣಭೇರಿಯನ್ನು ಬಾರಿಸಿದ ವೀರನಾರಿಯ ಕಥೆಯನ್ನೂ, ಸೆರೆಸಿಕ್ಕಿದ ಹೆಣ್ಣಿನ ಗೋಳನ್ನು ಹೇಳುವ ‘ಜನನಮರಣದ ಅಳಲು’ ಎಂಬ ನಾಟಕವನ್ನೂ ಆಡಿದನು. ೧೯೩೭ರಲ್ಲಿ ಶಾಂಘಾಯಿಯೂ ಶತ್ರುಗಳ ವಶವಾಯಿತು. ೧೯೩೮ರಲ್ಲಿ ಹಾಂಗ್‌ಕಾಂಗಿಗೆ ಹೋಗಿ ಕೆಲವು ದಿನ ಆಡಿ, ಅಲ್ಲಿಯೇ ನಿಂತನು. ಆ ಬಳಿಕ ರಂಗವನ್ನೇರಲಿಲ್ಲ. ೧೯೪೧ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗೂ ಬಿದ್ದಿತು. ಇನ್ನು ಓಡಲು ಸ್ಥಳವಿಲ್ಲ. ಆಗ ಆತನು ಮಾಡಿದುದು ಒಂದೇ ಕೆಲಸ: ಮುಖಕ್ಷೌರವನ್ನು ನಿಲ್ಲಿಸಿ ಮೀಸೆಯನ್ನು ಬೆಳೆಸಿದನು.

ಮೀಸೆಯೆಂದರೆ ನಮಗೆ ಸಾಮಾನ್ಯ ಸಂಗತಿ. ನಲವತ್ತು ವರ್ಷ ತನ್ನ ಮುಖವನ್ನು ಹೆಣ್ಣಿನ ಮುಖವಾಗಿ ಕಾಪಾಡಿಕೊಂಡು ಬಂದವನಿಗೆ ಅದು ಸಾಮಾನ್ಯವಲ್ಲ. ಮೀಸೆಯ ಮುಖದಿಂದ ನಾಯಿಕೆಯಾಗಿ ಹಾಡುವಂತಿಲ್ಲ. ಬಂದೂಕಿಲ್ಲದೆ, ಭಾಷಣವಿಲ್ಲದೆ, ಒಂದು ಸೈನ್ಯಾಧಿಪತ್ಯಕ್ಕೆ ‘ಒಲ್ಲೆ’ನೆಂದು ಹೇಳಲು ಆತನಿಗೆ ದೊರೆತ ಮಾತು ಅದೊಂದೇ. ೧೯೪೨ರಲ್ಲಿ ಶಾಂಘಾಯಿಗೆ ಹಿಂದಿರುಗಿದನು. ಅಧಿಕಾರಿಗಳ ಕಡೆಯಿಂದ ಒತ್ತಾಯ ಹೆಚ್ಚಾದಾಗ, ವೈದ್ಯನಿಂದ ವಿಷಮಜ್ವರದ ಲಸಿಕೆಯನ್ನು ಮೇಲಿಂದ ಮೇಲೆ ಚುಚ್ಚಿಸಿಕೊಂಡು ಜ್ವರವನ್ನು ಬರಿಸಿಕೊಂಡನೆಂಬುದು ಪ್ರಸಿದ್ಧವಾದ ವಿಷಯ. ಪರೀಕ್ಷಿಸಲು ಬಂದವರು ಸುಡುತ್ತಿರುವ ಮೈಯನ್ನು ಕಂಡು ಹಿಂದಿರುಗಿದರು.

ಗೃಹಿಣಿಯರು ಇಲ್ಲಿ ಒಂದು ಪ್ರಶ್ನೆಯನ್ನು ಕೇಳುವುದು ನ್ಯಾಯವಾಗಿದೆ: ಮನೆ ನಡೆದುದು ಹೇಗೆ? ಹೆಂಡತಿ ಮಕ್ಕಳಿದ್ದರು, ಆತನನ್ನು ನಂಬಿದ್ದ ಮೇಳದವರಿದ್ದರು. ಬೀಜಿಂಗಿನ ಮನೆಯು ಮಾರಿಹೋಯಿತು. ಬೆಲೆಬಾಳುವ ವಸ್ತುಗಳೂ ಒಂದೊಂದಾಗಿ ಹೋದುವು. ಕೊನೆಗೆ, ಹಿಂದೆ ಸಂತೋಷಕ್ಕಾಗಿ ಕಲಿತಿದ್ದ ಚಿತ್ರವಿದ್ಯೆಯನ್ನೇ ಜೀವನೋಪಾಯವಾಗಿ ಹಿಡಿದು, ರಾತ್ರಿಯ ದೀಪದಲ್ಲಿ ಹೂವು, ಮರ, ಬುದ್ಧಮೂರ್ತಿಗಳನ್ನು ಬರೆದು ಮಾರಿದನು. ನಾಟಕಶಾಲೆಗಳವರು ದೊಡ್ಡ ಹಣವನ್ನು ಮುಂದಿಟ್ಟು ಕರೆಯುತ್ತಲೇ ಇದ್ದರು. ಆ ಕಾಲದಲ್ಲಿ ರಂಗವನ್ನೇರಿದ ಇತರ ನಟರನ್ನು ನಾನು ಹಳಿಯಲಾರೆ. ದಿನದ ಕೂಲಿಯಿಂದ ದಿನದ ಗಂಜಿಯನ್ನು ಕಾಣುವವನಿಗೆ ಮೌನವು ಕೈಗೆಟುಕುವ ವಸ್ತುವಲ್ಲ. ಮಾರಲು ಆತನಿಗೆ ಮನೆಯಿಲ್ಲ. ಇದ್ದವನು ಇದ್ದುದನ್ನು ಕಳೆದುಕೊಂಡನೆಂಬುದೇ ಲಾನ್‌ಫಾಂಗನ ವ್ರತದಲ್ಲಿ ಮೆಚ್ಚತಕ್ಕ ಅಂಶ.

ಕಳೆದುಕೊಂಡುದರಲ್ಲಿ ಹಣವು ಅಲ್ಪಭಾಗ. ೧೯೪೫ರ ಆಗಸ್ಟಿನಲ್ಲಿ ಜಪಾನು ಶರಣಾಗತವಾಯಿತು. ಲಾನ್‌ಫಾಂಗನು ಮೀಸೆಯನ್ನು ಬೋಳಿಸಿ, ಹಾಡಲು ಕುಳಿತನು. ಕಂಠವು ಹಿಂದಿನ ಸ್ಥಾಯಿಗೆ ಏರಲೊಲ್ಲದು! ಮೀಸೆಯನ್ನು ಒಂದು ಗಳಿಗೆಯಲ್ಲಿ ತೆಗೆಯಬಹುದು. ವರ್ಷಗಳ ತುಕ್ಕನ್ನು ಹಾಗೆ ತೆಗೆಯಲಾಗದು. ಆತನು ಎದೆಗೆಡಲಿಲ್ಲ. ಜಿಂಗ್‌ಜುವಿಗಿಂತ ಹಳೆಯದಾದ, ಕೊಳಲಿನ ಶ್ರುತಿಯಲ್ಲಿ ಹಾಡುವ ‘ಕುನ್‌ಚೂ’ ಎಂಬ ಗೇಯನಾಟಕವುಂಟು. ಅದರ ಸ್ಥಾಯಿಯು ಕೆಳಗಿನದು. ಯೂ ಝೆನ್‌ಫೇ ಎಂಬ ಗಾಯಕನ ನೆರವಿನೊಡನೆ ಆ ನಾಟಕಗಳನ್ನೇ ಶಾಂಘಾಯಿಯಲ್ಲಿ ಮೊದಲು ಆಡಿ, ಕ್ರಮೇಣ ಕಂಠವನ್ನು ಮೇಲಕ್ಕೆ ತಂದುಕೊಂಡನು. ಐವತ್ತೊಂದನೆಯ ವಯಸ್ಸಿನಲ್ಲಿ ನಾಣ್ಯಗಳ ಸಾಲಿನ ಮುಂದೆ ಮತ್ತೆ ಕುಳಿತಂತಾಯಿತು. ೧೯೪೮ರಲ್ಲಿ ‘ಜನನಮರಣದ ಅಳಲು’ ನಾಟಕವು ಫೇ ಮೂ ಎಂಬಾತನ ನಿರ್ದೇಶನದಲ್ಲಿ ಚೀನಾದ ಮೊದಲನೆಯ ವರ್ಣಚಿತ್ರವಾಗಿ ತೆರೆಯ ಮೇಲೆ ಬಂದಿತು.

ಈ ವ್ರತವು ದ್ವೇಷದಿಂದ ಹುಟ್ಟಿದುದೆಂದು ಯಾರಾದರೂ ಶಂಕಿಸಿದರೆ ೧೯೫೬ನೆಯ ಇಸವಿಯನ್ನು ನೋಡಬೇಕು. ಆ ವರ್ಷ ಲಾನ್‌ಫಾಂಗನು ನಾಟಕಮಂಡಲಿಯೊಂದರ ಮುಖಂಡನಾಗಿ ಮೂರನೆಯ ಸಲ ಜಪಾನಿಗೆ ಹೋದನು. ಹಿರೋಷಿಮಾದ ಅಣುಬಾಂಬಿನಿಂದ ನೊಂದವರಿಗೂ ಯುದ್ಧದಲ್ಲಿ ಅನಾಥರಾದ ಮಕ್ಕಳಿಗೂ ಸಹಾಯಾರ್ಥವಾಗಿ ಟೋಕಿಯೋವಿನಲ್ಲಿ ಹಾಡಿದನು. ಯಾವ ಜನರ ಸೈನ್ಯಕ್ಕಾಗಿ ಹಾಡಲೊಲ್ಲೆನೆಂದು ಮೀಸೆ ಬಿಟ್ಟನೋ ಆ ಜನರ ಮಕ್ಕಳಿಗಾಗಿಯೇ ಹಾಡಿದನು. ಅಧಿಕಾರ ಬೇರೆ, ಜನ ಬೇರೆ ಎಂಬ ವಿವೇಕವು ಆತನಲ್ಲಿ ಕೆಡದೆ ಉಳಿದಿದ್ದಿತು.

ಅರುವತ್ತರ ಸಮೀಪದಲ್ಲಿಯೂ ಕತ್ತಿ ಹಿಡಿದ ವೀರನಾರಿಯ ಪಾತ್ರವನ್ನು ಆತನು ಆಡಬಲ್ಲವನಾಗಿದ್ದನು. ಅದಕ್ಕೆ ಕಾರಣವು ಬಾಲ್ಯದಲ್ಲಿ ಇಟ್ಟಿಗೆಯ ಮೇಲೆ ನಿಂತ ಸಾಧನೆಯೆಂದು ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿರುವನು. ೧೯೫೯ರಲ್ಲಿ ತನ್ನ ಕೊನೆಯ ಹೊಸ ನಾಟಕವಾದ ‘ಮೂ ಕ್ವೇಯಿಂಗಳ ಸೇನಾಪತ್ಯ’ವನ್ನು ಆಡಿದನು. ಬಹುಕಾಲ ಶಸ್ತ್ರವನ್ನು ಬದಿಗಿಟ್ಟಿದ್ದ ಪ್ರೌಢ ಸ್ತ್ರೀಯೊಬ್ಬಳು ಮತ್ತೆ ಕವಚ ತೊಡುವ ಕಥೆಯದು. ಆತನಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ೧೯೬೧ನೆಯ ಆಗಸ್ಟ್ ೮ರಂದು ಬೀಜಿಂಗಿನಲ್ಲಿ ದೇಹವನ್ನು ಬಿಟ್ಟನು. ನೂರಕ್ಕೂ ಹೆಚ್ಚು ಶಿಷ್ಯರಲ್ಲಿ ಸ್ತ್ರೀಯರೂ ಇದ್ದರು. ಸ್ತ್ರೀಪಾತ್ರವು ಕಾಲಕ್ರಮದಲ್ಲಿ ಸ್ತ್ರೀಯರ ಕೈಗೇ ಬಂದಿತು. ಮಗನಾದ ಮೇ ಬಾವ್‌ಚ್ಯೂ ತಂದೆಯ ಪದ್ಧತಿಯನ್ನೇ ಅನುಸರಿಸಿ ೨೦೧೬ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಕಲಿಸಿದನು. ೨೦೧೦ರಲ್ಲಿ ಯುನೆಸ್ಕೋ ಸಂಸ್ಥೆಯು ಜಿಂಗ್‌ಜುವನ್ನು ಮಾನವಕುಲದ ಪರಂಪರಾಸಂಪತ್ತುಗಳ ಪಟ್ಟಿಗೆ ಸೇರಿಸಿತು.

‘ಮೇ’ ಎಂಬ ಮನೆತನದ ಹೆಸರಿಗೆ ಚೀನೀಭಾಷೆಯಲ್ಲಿ ಒಂದು ಮರದ ಹೆಸರೆಂದು ಅರ್ಥವಂತೆ. ಚಳಿ ಇನ್ನೂ ಹಿಂದೆಗೆಯದಿರುವಾಗಲೇ, ಎಲೆಯಿಲ್ಲದ ಬರಿಯ ಕೊಂಬೆಯಲ್ಲಿ ಅದು ಹೂ ಬಿಡುವುದು. ಆದುದರಿಂದ ಆ ದೇಶದ ಚಿತ್ರಕಾರರಿಗೂ ಕವಿಗಳಿಗೂ ಅದು ಬಹು ಪ್ರಿಯ. ಲಾನ್‌ಫಾಂಗನು ಹಾಡಿದ ಹಾಡುಗಳಲ್ಲಿ ಕೆಲವು ಧ್ವನಿಮುದ್ರಿಕೆಗಳಲ್ಲಿ ಉಳಿದಿವೆ; ಕೇಳಬಯಸುವವರು ಇಂದೂ ಕೇಳಬಹುದು. ಹಾಡದೆ ಉಳಿಸಿದ ವರ್ಷಗಳಿಗೆ ಮುದ್ರಿಕೆಯಿಲ್ಲ. ಮನೆಯಲ್ಲಿ ಸಂಗೀತ ಕಲಿಯುತ್ತಿರುವ ಮಕ್ಕಳಿಗೆ ಹಾಡುಗಳನ್ನು ಕೇಳಿಸುವಾಗ, ಹಿರಿಯರು ಆ ವರ್ಷಗಳ ಕಥೆಯನ್ನೂ ಜತೆಗೆ ಹೇಳಬೇಕೆಂದು ನನ್ನ ಬಿನ್ನಹ.